ಬೊಂಬಾಯಿ ಮಾವನ ಸ್ಲೋ ಲೋಕಲ್

ಎಲ್ಲೂರಿನಿಂದ ಉಚ್ಚಿಲದ ಬಸ್ ಸ್ಟ್ಯಾಂಡಿಗೆ ನಡೆಯಲು ಎಷ್ಟು ಹೊತ್ತು ಬೇಕು ಅಂತ ಕೇಳಿದರೆ ಊರವರು ಉತ್ತರ ಕೊಡುವ ಮೊದಲು ಒಂದು ಮಾತು ಕೇಳುತ್ತಾರೆ: ‘ಒಬ್ರೇ ಹೋಗುದಾ, ಬೊಂಬಾಯಿ ಮಾವನ ಒಟ್ಟಿಗಾ?’ ಒಬ್ಬರೇ ಹೋದರೆ ಮದುವೆ ಊಟ ಸಿಗುತ್ತದೆ. ಮಾವನ ಒಟ್ಟಿಗೆ ಹೋದರೆ ಹಾಲ್‌ನವರು ಕುರ್ಚಿ ಪೇರಿಸುವುದನ್ನು ನೋಡಿ ಬರಬಹುದು.

ಬೊಂಬಾಯಿ ಮಾವ ಇಂಥವರ ಮಾವ ಅಂತಿಲ್ಲ. ಪಡುಬಿದ್ರಿಯಿಂದ ಕಾರ್ಕಳದವರೆಗೆ ಯಾವ ಊರಿಗೆ ಹೋದರೂ ಇಂಥ ಒಬ್ಬರು ಇರುತ್ತಾರೆ. ಮೀಸೆ ಮೂಡುವ ಮೊದಲೇ ಬಸ್ಸು ಹತ್ತಿ ಮುಂಬಯಿಗೆ ಹೋದವರು. ಹಗಲು ಫೋರ್ಟ್‌ನ ಕ್ಯಾಂಟೀನಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ತೂಕಡಿಸುತ್ತಲೇ ಪಾಸಾಗಿ, ಆಮೇಲೆ ಯಾವುದೋ ಆಫೀಸು ಸೇರಿ, ವಿರಾರ್ ಫಾಸ್ಟ್‌ನ ಬಾಗಿಲಲ್ಲಿ ನೇತಾಡುತ್ತಲೇ ಪ್ರಾಯ ಕಳೆದವರು. 1998ರಲ್ಲಿ ಮತ್ಸ್ಯಗಂಧ ರೈಲು ಶುರುವಾದ ಮೇಲೆ ವರ್ಷಕ್ಕೊಮ್ಮೆ ಊರಿಗೆ ಬರುವುದೇನೋ ಸಲೀಸಾಯಿತು. ಬಂದು ಬ್ಯಾಗು ಇಳಿಸುವ ಮೊದಲೇ ವಾಪಸ್ ಟಿಕೆಟ್ಟಿನ ಚಿಂತೆ. ರಿಟೈರ್ ಆದ ಮೇಲೆ ಹಳೇ ಮನೆಯ ಮಾಡು ರಿಪೇರಿ ಮಾಡಿಸಿ ಊರಲ್ಲೇ ನಿಂತರು. ನಿಂತರು ಅಂದರೆ ನಿಜಕ್ಕೂ ನಿಂತರು, ಹತ್ತು ಹೆಜ್ಜೆಗೊಮ್ಮೆ.

‘ಇಷ್ಟು ವರ್ಷ ಫಾಸ್ಟ್‌ನಲ್ಲಿ ಹೋದದ್ದು ಸಾಕು ಮಾರಾಯ್ರೆ. ಇನ್ನು ನಂದು ಸ್ಲೋ. ಎಲ್ಲ ಸ್ಟೇಷನ್ನಿನಲ್ಲೂ ನಿಲ್ತದೆ.’

ಮೊದಲ ಸ್ಟೇಷನ್ ವಿಶ್ವೇಶ್ವರ ದೇವಸ್ಥಾನ. ಎಲ್ಲೂರಿನ ದೇವರಿಗೆ ಸೀಯಾಳ ಅಭಿಷೇಕ ಅಂದರೆ ದೂರದವರೂ ಹರಕೆ ಹೇಳಿಕೊಂಡು ಬರುತ್ತಾರೆ. ಮಾವ ಕೈಮುಗಿಯುವುದು ಅರೆಕ್ಷಣ, ಸೀಯಾಳದ ರಾಶಿ ನೋಡುವುದು ಅರ್ಧ ಗಂಟೆ. ಯಾವ ಮರದ್ದು, ಗೊನೆ ಇಳಿಸಿದ್ದು ಯಾರು, ನುಸಿ ಬಿದ್ದಿದೆಯೋ ಇಲ್ಲವೋ. ಅಲ್ಲಿಂದ ಹೊರಟರೆ ಗದ್ದೆ. ಬೈಲಿನಲ್ಲಿ ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆ ನಂಬಿ ಒಂದು ಎಂಬುದು ಹಿರಿಯರ ಲೆಕ್ಕ. ಈಗ ಬೈಲಿನಲ್ಲೂ ಏಣೆಲು ಒಂದನ್ನು ಕೊಯ್ದು ಮನೆಗೆ ತಂದರೆ ದೊಡ್ಡ ಸಂಗತಿ. ಸುಗ್ಗಿ, ಕೊಳಕೆಯ ಸುದ್ದಿ ಎತ್ತುವವರು ಕಡಿಮೆ. ಯಾವ ಗದ್ದೆ ಯಾವ ವರ್ಷ ಹಡಿಲು ಬಿತ್ತು, ಯಾರ ಮಗ ದುಬಾಯಿಗೆ ಹೋದದ್ದರಿಂದ ಬಿತ್ತು, ಎಲ್ಲ ಮಾವನ ನಾಲಗೆ ತುದಿಯಲ್ಲಿದೆ. ಬೈಕಿನವನು ನಿಲ್ಲಿಸಿ ‘ಬನ್ನಿ ಮಾವ, ಬಿಡ್ತೇನೆ’ ಅಂದರೆ, ‘ಬೇಡ ಮಾರಾಯ, ನಂಗೆ ಸ್ವಲ್ಪ ಅರ್ಜೆಂಟ್ ಉಂಟು’ ಎನ್ನುತ್ತಾ ಟಿಲ್ಲರ್ ಹಿಂದೆ ಹುಳ ಹೆಕ್ಕುವ ಕೊಕ್ಕರೆಗಳ ಕಡೆ ತಿರುಗುತ್ತಾರೆ.

‘ನಿಸರ್ಗ ಸೌಂದರ್ಯ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಅದು ಮಣಿಪಾಲದಿಂದ ಬರುವ ಹುಡುಗರ ಪಾಲು. ಇಲ್ಲಿ 600 ಮೆಗಾವಾಟಿನ ಎರಡು ಘಟಕಗಳ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆಯಲ್ಲ, ಅದರ ಚಿಮಣಿ ಫೋಟೊದಲ್ಲಿ ಬಾರದ ಹಾಗೆ ಆ ಹುಡುಗರು ಮೊಬೈಲನ್ನು ಓರೆ ಹಿಡಿದು, ಕುತ್ತಿಗೆಯನ್ನೂ ಓರೆ ಮಾಡಿ, ಕಡೆಗೆ ಗದ್ದೆಗೇ ಕಾಲು ಜಾರಿಸುತ್ತಾರೆ. ಮಾವ ಚಿಮಣಿಯನ್ನೂ ಬಿಟ್ಟವರಲ್ಲ. ಹೊಗೆ ವಾಲಿದ ದಿಕ್ಕು ನೋಡಿ, ‘ಅಕ್ಕಾ, ಗಾಳಿ ಈಚೆ ತಿರುಗಿತು, ಹಪ್ಪಳ ಒಳಗೆ ತೆಗೀರಿ’ ಅಂತ ಬೇಲಿಯಾಚೆಗೆ ಕೂಗುತ್ತಾರೆ. ಹಳ್ಳಿಯನ್ನು ನೋಡಿ ಸವಿಯುವುದರಲ್ಲಿ ಅರ್ಧಪಾಲು ಪರರ ಮನೆವಾರ್ತೆಯ ಕುತೂಹಲವೇ ಎಂಬುದು ನನ್ನ ಅನುಮಾನ. ಮಾವನಲ್ಲಿ ಅದು ಮುಕ್ಕಾಲು ಇರಬಹುದು.

ಆ ಮುಕ್ಕಾಲಿನಿಂದ ಊರಿಗೆ ಉಪಕಾರವೂ ಆಗಿದೆ. ಒಂದು ಸೋಣ ತಿಂಗಳಲ್ಲಿ ಮೇಲಿನ ಗದ್ದೆಯವರಿಗೂ ಕೆಳಗಿನ ಗದ್ದೆಯವರಿಗೂ ಮಾತು ಬಿಟ್ಟಿತ್ತು. ಸಂಜೆ ಕಟ್ಟಿದ ನೀರು ಬೆಳಿಗ್ಗೆ ಇಲ್ಲ. ಕೆಳಗಿನವರು ರಾತ್ರಿ ಬಂದು ಹುಣಿ ಕಡಿಯುತ್ತಾರೆ ಎಂದು ಮೇಲಿನವರ ದೂರು. ವಿಷಯ ದೈವದ ಎದುರು ಹೇಳುವವರೆಗೆ ಹೋಗಿತ್ತು. ಮಾವ ಅದೇ ಹುಣಿಯ ಮೇಲೆ ಎಂದಿನಂತೆ ಕುಕ್ಕರಗಾಲಿನಲ್ಲಿ ಕೂತರು. ಹುಲ್ಲಿನ ಬುಡದಲ್ಲಿ ಕಡಲೆ ಗಾತ್ರದ ಮಣ್ಣಿನ ಉಂಡೆಗಳು, ಇನ್ನೂ ಹಸಿ. ಪಕ್ಕದಲ್ಲೇ ಎರಡು ಬೆರಳು ಹಿಡಿಸುವ ತೂತು. ಕೊಡೆಯ ತುದಿ ತೂರಿಸಿದರೆ ಗೇಣುದ್ದ ಒಳಹೋಯಿತು. ಆಚೆ ಮಗ್ಗುಲಿನಲ್ಲಿ ನೀರು ಗುಳುಗುಳು ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕಂದುಬಣ್ಣದ ಏಡಿಯೊಂದು ಬಾಗಿಲಿಗೆ ಬಂದು, ಬಂದವರು ಯಾರೆಂದು ನೋಡಿ, ಒಳಗೆ ಸರಿಯಿತು. ಮಾವ ಎರಡೂ ಮನೆಯವರನ್ನು ಕರೆದು ಆರೋಪಿಯನ್ನು ತೋರಿಸಿದರು. ತೂತಿಗೆ ಕೆಸರು ಮೆತ್ತಿ ರಾಜಿಯಾಯಿತು. ಏಡಿ ಗಸಿ ಯಾರ ಮನೆಯಲ್ಲಾದದ್ದು ಎಂಬ ಬಗ್ಗೆ ಮಾತ್ರ ಇವತ್ತಿಗೂ ಎರಡು ಅಭಿಪ್ರಾಯವಿದೆ.

ಅತ್ತೆಗೆ ಈ ಕೀರ್ತಿಯಿಂದ ನಯಾಪೈಸೆ ಲಾಭವಿಲ್ಲ. ಮುದರಂಗಡಿಗೆ ಕೊತ್ತಂಬರಿ ಸೊಪ್ಪಿಗೆ ಕಳಿಸಿದರೆ ಮಾವ ಬರುವಾಗ ಸಾರು ಆಗಿ, ಉಂಡಾಗಿ, ಪಾತ್ರೆಯೂ ತೊಳೆದಾಗಿರುತ್ತದೆ. ಸೊಪ್ಪಿನ ಬದಲಿಗೆ ಅವರ ಕೈಯಲ್ಲಿ ತೋಡಿನ ಬದಿಯ ತಿಮರೆ. ‘ಇದರ ಚಟ್ನಿ ಒಳ್ಳೇದು’ ಎನ್ನುತ್ತಾರೆ. ಒಳ್ಳೆಯದು ಹೌದು, ದಿನಾ ಆದರೆ ಯಾರು ತಿನ್ನುವುದು?

ಕಳೆದ ಸಲ ಮಗನ ಮನೆಗೆಂದು ಮುಂಬಯಿಗೆ ಹೋದರು. ದಾದರಿನಲ್ಲಿ ಇಳಿದು ಲೋಕಲ್ ಹಿಡಿಯಬೇಕಾದವರು ಹಿಡಿಯಲಿಲ್ಲ. ಮಗ ಫೋನ್ ಮಾಡಿ ಮಾಡಿ ಸೋತು, ರೈಲ್ವೆ ಪೊಲೀಸರ ಹತ್ತಿರ ಹೋಗುವ ಹೊತ್ತಿಗೆ ಮಾವ ಪತ್ತೆಯಾದದ್ದು ಸ್ಟೇಷನ್ನಿಗೆ ತಾಗಿಕೊಂಡೇ ಇರುವ ಹೂವಿನ ಮಾರ್ಕೆಟ್ಟಿನಲ್ಲಿ. ಅಷ್ಟು ವರ್ಷ ಅದರ ಪಕ್ಕದಲ್ಲೇ ಓಡಿದರೂ ಒಳಗೆ ಕಾಲಿಟ್ಟದ್ದು ಅದೇ ಮೊದಲು.

‘ಒಂದು ಬುಟ್ಟಿಯಲ್ಲಿ ನಮ್ಮ ಶಂಕರಪುರ ಮಲ್ಲಿಗೆ ಕಂಡಿತು’ ಅಂದರು ಮಾವ. ‘ಅಟ್ಟೆಗೆ ಎಷ್ಟು ಅಂತ ಕೇಳಿದೆ. ಅವನಿಗೆ ಅಟ್ಟೆ ಗೊತ್ತಿಲ್ಲ. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಅಂದೆ. ನಂಬಲಿಲ್ಲ.’

‘ಅದಕ್ಕೆ?’

‘ಅದಕ್ಕೆ ಎಂಥದು? ಕೂತು ಎಣಿಸಿದೆವು.’