ಕೋಬಾಲ್ ರಾಯರು

ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹುಡುಕಿದರೆ ಒಬ್ಬ ಕೋಬಾಲ್ ರಾಯರು ಸಿಕ್ಕೇ ಸಿಗುತ್ತಾರೆ. ಸುತ್ತಲಿನ ಹುಡುಗರ ಪರದೆಗಳಲ್ಲಿ ಬಣ್ಣಗಳ ಜಾತ್ರೆ. ರಾಯರದರಲ್ಲಿ ಕಪ್ಪು ನೆಲ, ಹಸಿರು ಅಕ್ಷರ. ಮೌಸೂ ಇದೆ. ಅದರ ಮೇಲೆ ಕರವಸ್ತ್ರ ಒಣಗುತ್ತಿರುತ್ತದೆ.

ರಾಯರ ಸುಪರ್ದಿಯಲ್ಲಿರುವುದು ಅಮೆರಿಕದ ಯಾವುದೋ ವಿಮಾ ಕಂಪನಿಯ ಪ್ರೋಗ್ರಾಮುಗಳು. ಅವನ್ನು ಬರೆದಿರುವ ಕೋಬಾಲ್ ಭಾಷೆ ಹುಟ್ಟಿದ್ದು 1959ರಲ್ಲಿ. ಐಬಿಎಂ 1964ರಲ್ಲಿ ಸಿಸ್ಟಂ/360 ಎಂಬ ಮೇನ್‌ಫ್ರೇಮುಗಳನ್ನು, ಅಂದರೆ ದೊಡ್ಡ ಕಂಪನಿಗಳ ದೈತ್ಯ ಕಂಪ್ಯೂಟರುಗಳನ್ನು, ಪ್ರಕಟಿಸಿದಾಗಿನಿಂದ ಹಳೆಯ ಪ್ರೋಗ್ರಾಮು ಹೊಸ ಯಂತ್ರದಲ್ಲೂ ಓಡುವಂತೆ ನೋಡಿಕೊಂಡು ಬಂದಿದೆ. ಹಾಗಾಗಿ ಪ್ರೋಗ್ರಾಮು ಹಳೆಯದು, ಯಂತ್ರ ಮಾತ್ರ ಹೊಚ್ಚ ಹೊಸದು ಎಂದರೆ ಹುಡುಗರು ನಂಬುವುದಿಲ್ಲ.

"ಸಾರ್, ಇದನ್ನೆಲ್ಲ ಜಾವಾದಲ್ಲಿ ಬರೆದುಬಿಡಬಹುದಲ್ವಾ?"

"ಬರೀಬಹುದಪ್ಪಾ. ಏನು ಬರೀಬೇಕು ಅಂತ ಯಾರಿಗೆ ಗೊತ್ತು?"

ಗೊತ್ತಿದ್ದವರು ನಿವೃತ್ತರಾದರು, ಕೆಲವರು ತೀರಿಕೊಂಡರು. ಎಂದೋ ಮಾರಾಟ ನಿಂತ ಪಾಲಿಸಿಗೆ ಇಂದಿಗೂ ತಿಂಗಳು ತಿಂಗಳು ಹಣ ಹೋಗಬೇಕು. ಆ ಲೆಕ್ಕದ ನಿಯಮ ಕಡತದಲ್ಲಿಲ್ಲ, ಪ್ರೋಗ್ರಾಮಿನ ಹೊಟ್ಟೆಯಲ್ಲಿದೆ. ಹುಡುಗ ಇನ್ನೂ ವಾದಿಸಿದರೆ ಟಿಎಸ್‌ಬಿ ಪ್ರಸಂಗ ಶುರು. ಬ್ರಿಟನ್ನಿನ ಆ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಖಾತೆಗಳನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸಿತು, ಲಕ್ಷಾಂತರ ಗ್ರಾಹಕರಿಗೆ ತಮ್ಮದೇ ದುಡ್ಡು ಕಾಣದಾಯಿತು, 2022ರಲ್ಲಿ 4.8 ಕೋಟಿ ಪೌಂಡಿಗೂ ಹೆಚ್ಚು ದಂಡ ಬಿತ್ತು. ರಾಯರು ಇದನ್ನು ಗರುಡ ಪುರಾಣ ಓದುವ ಶ್ರದ್ಧೆಯಿಂದ ಹೇಳುತ್ತಾರೆ.

ಕೊನೆಯ ಅಸ್ತ್ರ ಪೈಸೆಯದು. "ನಿನ್ನ ಜಾವಾಸ್ಕ್ರಿಪ್ಟ್‌ಗೆ 0.1, 0.2 ಕೂಡೋಕೆ ಹೇಳು. 0.30000000000000004 ಅನ್ನುತ್ತೆ. ಆ ಬಾಲದ 4 ಯಾರ ಖಾತೆಗೆ ಹಾಕ್ಲಿ?" (ಹೊಸ ಭಾಷೆಗಳಲ್ಲೂ ಸರಿಯಾಗಿ ಕೂಡುವ ದಾರಿಯಿದೆ. ರಾಯರ ಎದುರು ಯಾರೂ ಹೇಳುವುದಿಲ್ಲ.)

2020ರಲ್ಲಿ ನ್ಯೂಜೆರ್ಸಿಯ ಗವರ್ನರ್ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದಾಗ ರಾಯರು ಆ ಸುದ್ದಿಯನ್ನು ಬಂಧುಬಳಗದ ವಾಟ್ಸಾಪ್ ಗುಂಪಿಗೆಲ್ಲ ಹಂಚಿದರು. "ಅಲ್ಲಿಗೆ ಆಮೇಲೆ ಹೋಗುವಿರಂತೆ, ಮೊದಲು ಕೊತ್ತಂಬರಿ ಸೊಪ್ಪು ತನ್ನಿ" ಎಂದರು ಮನೆಯವರು.

ಮ್ಯಾನೇಜರು ವರ್ಷಕ್ಕೊಮ್ಮೆ ಕೇಕ್ ಕತ್ತರಿಸಿ ಮೇನ್‌ಫ್ರೇಮಿಗೆ ವಿದಾಯ ಘೋಷಿಸುತ್ತಾರೆ. ರಾಯರೂ ಒಂದು ತುಂಡು ತಿನ್ನುತ್ತಾರೆ. ಅಮೆರಿಕದ ನಡುರಾತ್ರಿಯ ಬ್ಯಾಚ್, ಅಂದರೆ ಒಟ್ಟಿಗೆ ಓಡುವ ಲೆಕ್ಕಗಳ ಕಂತೆ, ಕೆಟ್ಟು ನಿಂತರೆ ಇಲ್ಲಿ ತಿಂಡಿಯ ಹೊತ್ತು, ಅದೇ ಮ್ಯಾನೇಜರ ಫೋನು: "ಸಾರ್, ಸಾಕ್ ಸೆವೆನ್!" ಅಂಕಿ ಇರಬೇಕಾದಲ್ಲಿ ಇನ್ನೇನೋ ಬಂದು ಕೂತಿದೆ ಎಂದರ್ಥ. ರಾಯರು ಉಪ್ಪಿಟ್ಟು ಮುಗಿಸುವಷ್ಟರಲ್ಲಿ ಪ್ರೋಗ್ರಾಮಿನ ತಪ್ಪಿರುವ ಸಾಲು ಹೇಳುತ್ತಾರೆ, ಬ್ಯಾಚ್ ಓಡುತ್ತದೆ.

ಮಾರ್ಚ್‌ನಲ್ಲಿ ಅವರ ಅಪ್ರೈಸಲ್ ಬರುತ್ತದೆ. ಹೊಸ ತಂತ್ರಜ್ಞಾನ ಕಲಿಯುವ ಆಸಕ್ತಿ: ಸಾಧಾರಣ.