ಮನೆಯಲ್ಲೇ ಶಾಕ್ ಬದಲಾಯಿಸುವ ಕೈಪಿಡಿ: ತಾಂಬರಂ ಆವೃತ್ತಿ

ಬಳಕೆದಾರರ ಗಮನಕ್ಕೆ

ಊರಿನಿಂದ ತಂದ ಮಾರುತಿ 800 ಕಾರನ್ನು ಇನ್ನೂ ಮಾರದ, ಮಾರುವ ಮಾತೆತ್ತಿದರೆ ಮುಖ ಊದಿಸಿಕೊಳ್ಳುವ, ಚೆನ್ನೈ ಅಂಚಿನ ತಾಂಬರಂ ಕನ್ನಡಿಗರಿಗಾಗಿ ಈ ಕೈಪಿಡಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಗಾಡಿಯ ತಯಾರಿಕೆ 2014ರಲ್ಲಿ ನಿಂತಿತು. ನಿಮ್ಮದು ಮಾತ್ರ ನಿಂತಿಲ್ಲ. ನಂಬರ್ ಪ್ಲೇಟಿನ ಮೇಲೆ ಕೆಎ ಇರಲಿ, ಟಿಎನ್ 11 ಇರಲಿ, ವಿಧಾನ ಒಂದೇ. ರಸ್ತೆಯ ಗುಂಡಿ ಭಾಷೆ ಕೇಳಿ ಏಟು ಕೊಡುವುದಿಲ್ಲ.

ಉತ್ಪನ್ನದ ಪರಿಚಯ

ಮುಂದಿನ ಚಕ್ರದ ಹಿಂದೆ ನೆಟ್ಟಗೆ ನಿಂತಿರುವ ಜೋಡಣೆಯ ಹೆಸರು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ಇದನ್ನು ರೂಪಿಸಿದ. 1950ರ ಹೊತ್ತಿಗೆ ಫೋರ್ಡ್ ಕಂಪನಿಯ ಇಂಗ್ಲೆಂಡಿನ ಕಾರುಗಳಲ್ಲಿ ಅದು ಓಡಾಡುತ್ತಿತ್ತು. ಹೊರಗೆ ಸ್ಪ್ರಿಂಗು, ಅದರ ನಡುವೆ ಎಣ್ಣೆ ತುಂಬಿದ ಕೊಳವೆ, ಅಂದರೆ ಶಾಕ್. ಗುಂಡಿಯ ಏಟು ತಿನ್ನುವುದು ಸ್ಪ್ರಿಂಗು. ಏಟು ತಿಂದ ಸ್ಪ್ರಿಂಗು ಕುಣಿಯುತ್ತಲೇ ಇರದಂತೆ ಹಿಡಿದು ಕೂರಿಸುವುದು ಕೊಳವೆಯ ಕೆಲಸ. ಒಳಗಿನ ಪಿಸ್ಟನ್ನು ಸಣ್ಣ ಸಣ್ಣ ಕಿಂಡಿಗಳ ಮೂಲಕ ಎಣ್ಣೆಯನ್ನು ತಳ್ಳುತ್ತದೆ, ಕುಣಿತವೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಚೆನ್ನೈಗೆ ಬಿಸಿಯ ಕೊರತೆ ಇದೆಯೆಂದು ಯಾರೂ ಹೇಳಿರಲಿಲ್ಲ. ಆದರೂ ಪ್ರತಿ ಗಾಡಿಯೂ ತನ್ನ ಪಾಲಿನದನ್ನು ಸೇರಿಸುತ್ತಿದೆ.

ಸರಳವಾಗಿ ಹೇಳುವುದಾದರೆ, ರಸ್ತೆಗೆ ಆಗಬೇಕಾದ ರಿಪೇರಿಯನ್ನು ಪ್ರತಿ ಮನೆಯವರೂ ತಂತಮ್ಮ ಖರ್ಚಿನಲ್ಲಿ, ತಂತಮ್ಮ ಗಾಡಿಯೊಳಗೆ ಮಾಡಿಕೊಳ್ಳುವ ಏರ್ಪಾಡಿಗೆ ಶಾಕ್ ಅಬ್ಸಾರ್ಬರ್ ಎನ್ನುತ್ತಾರೆ.

ಹಂತ 1: ರೋಗಪತ್ತೆ

ಬಾನೆಟ್ಟಿನ ಒಂದು ಮೂಲೆಯನ್ನು ಎರಡೂ ಕೈಯಿಂದ ಜೋರಾಗಿ ಅದುಮಿ ಬಿಡಿ. ಗಾಡಿ ಒಮ್ಮೆ ಎದ್ದು ಕೂತರೆ ಶಾಕ್ ಇನ್ನೂ ಬದುಕಿದೆ. ತೊಟ್ಟಿಲಿನಂತೆ ತೂಗುತ್ತಲೇ ಇದ್ದರೆ ಮುಗಿಯಿತು. ಚಕ್ರದ ಹಿಂದೆ ಬಗ್ಗಿ ನೋಡಿ: ಕೊಳವೆಯ ಮೈಮೇಲೆ ಎಣ್ಣೆ ಜಿನುಗಿ, ಅದಕ್ಕೆ ದೂಳು ಮೆತ್ತಿ, ಕಪ್ಪು ಪಟ್ಟೆ ಎದ್ದಿರುತ್ತದೆ. ಟೈರಿನ ಮೇಲೆ ಅಂಗೈ ಸವರಿದರೆ ಅಲ್ಲಲ್ಲಿ ಹಳ್ಳ ಸಿಗುತ್ತದೆ. ಬ್ರೇಕ್ ಒತ್ತಿದಾಗ ಗಾಡಿ ಮೂಗು ನೆಲಕ್ಕೆ ಹಚ್ಚಲು ಹೋಗುತ್ತದೆ. ಇಷ್ಟೆಲ್ಲ ಪರೀಕ್ಷೆಗೆ ಪುರಸೊತ್ತಿಲ್ಲದವರು ಗಾಡಿಯನ್ನು ರಸ್ತೆ ಬದಿ ಐದು ನಿಮಿಷ ನಿಲ್ಲಿಸಿದರೆ ಸಾಕು. ದಾರಿಯಲ್ಲಿ ಹೋಗುವವರು ಯಾರಾದರೂ "ಸಾರ್, ಶಾಕ್ ಪೋಯಿಡ್ಚು" ಎಂದು ಉಚಿತವಾಗಿ ತಿಳಿಸಿ ಹೋಗುತ್ತಾರೆ.

ಹಂತ 2: ಖರೀದಿ

ಬೀಚ್ ಕಡೆಯ ಲೋಕಲ್ ರೈಲು ಹಿಡಿದು ಎಗ್ಮೋರಿನಲ್ಲಿ ಇಳಿಯಿರಿ. ಹತ್ತಿರದ ಪುದುಪೇಟೆಯಲ್ಲಿ ಬಿಚ್ಚಿದ ಗಾಡಿಗಳ ಅಂಗಾಂಗಗಳೆಲ್ಲ ಸಿಗುತ್ತವೆ. ಬಾಗಿಲು, ಸೀಟು, ಕನ್ನಡಿ ಬೇಕಾದರೆ ಅಲ್ಲಿ ಕೊಳ್ಳಿ, ಶಾಕ್ ಬೇಡ. ಇನ್ನೊಬ್ಬರ ಗುಂಡಿಗಳನ್ನೆಲ್ಲ ಆಗಲೇ ತಿಂದು ಮುಗಿಸಿದ ಶಾಕ್ ಅದು. ಹೊಸದಕ್ಕೆ ಮೌಂಟ್ ರೋಡ್ ಪಕ್ಕದ ಜನರಲ್ ಪ್ಯಾಟರ್ಸ್ ರೋಡಿನ ಬಿಡಿಭಾಗದ ಅಂಗಡಿಗಳಿವೆ. ಒಂದೇ ಕಡೆಯ ಶಾಕ್ ಕೆಟ್ಟಿದ್ದರೂ ಎಡ ಬಲ ಎರಡನ್ನೂ ಕೊಳ್ಳಬೇಕು. ಒಂದು ಹೊಸದು, ಒಂದು ಹಳೆಯದು ಹಾಕಿದರೆ ಗಾಡಿ ತಿರುವಿನಲ್ಲೂ ಬ್ರೇಕಿನಲ್ಲೂ ಎರಡು ಮಾತಾಡುತ್ತದೆ. ಜೊತೆಗೆ ಮೇಲಿನ ಮೌಂಟು, ಬೇರಿಂಗು, ಬಂಪ್ ಸ್ಟಾಪ್, ದೂಳು ತಡೆಯುವ ರಬ್ಬರ್ ಬೂಟು, ಹೊಸ ಲಾಕ್ ನಟ್ಟುಗಳನ್ನೂ ತನ್ನಿ. ಹಳೆಯವೇ ನಡೆಯುತ್ತವೆ ಎಂದು ಅಂಗಡಿಯವ ಹೇಳುವುದಿಲ್ಲ, ನಿಮ್ಮ ಮನಸ್ಸು ಹೇಳುತ್ತದೆ. ಕೇಳಬೇಡಿ.

ಹಂತ 3: ಜಾಗ ಮತ್ತು ಮುಹೂರ್ತ

ಮೇ ತಿಂಗಳ ಅಗ್ನಿ ನಕ್ಷತ್ರದ ದಿನಗಳಲ್ಲಿ ಬೆಳಗ್ಗೆ ಎಂಟರ ಮೇಲೆ ಪಾನಾ ಮುಟ್ಟಿದರೆ ಕೈ ಸುಡುತ್ತದೆ. ಅಕ್ಟೋಬರಿನಿಂದ ಡಿಸೆಂಬರ್ ತನಕ ಈಶಾನ್ಯ ಮಳೆ. 2015ರ ಡಿಸೆಂಬರಿನಲ್ಲಿ ತಾಂಬರಂನಲ್ಲಿ 24 ಗಂಟೆಗಳಲ್ಲಿ 49 ಸೆಂಟಿಮೀಟರ್ ಸುರಿದು, ಅಡ್ಯಾರ್ ನದಿ ಉಕ್ಕಿ, ಮುಡಿಚೂರು, ವರದರಾಜಪುರಂ ಕಡೆ ಕಾರುಗಳು ನೀರೊಳಗೆ ನಿಂತಿದ್ದವು. ಆ ಸ್ನಾನ ಮಾಡಿದ ಗಾಡಿ ನಿಮ್ಮದಾಗಿದ್ದರೆ ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಮಲಗಿ.

ನೆಲ ಸಮತಟ್ಟಾಗಿರಲಿ. ಅಪಾರ್ಟ್‌ಮೆಂಟಿನ ಪಾರ್ಕಿಂಗೇ ಸರಿ. ಅಸೋಸಿಯೇಷನ್ನಿನ ಕಾರ್ಯದರ್ಶಿ ಬಂದು ಇಲ್ಲಿ ರಿಪೇರಿ ಮಾಡುವಂತಿಲ್ಲ ಎಂದರೆ, ಅವರ ಗಾಡಿಯ ಬಾನೆಟ್ಟನ್ನು ಹಂತ 1ರಲ್ಲಿ ಹೇಳಿದಂತೆ ಒಮ್ಮೆ ಅದುಮಿ ತೋರಿಸಿ. ಆಮೇಲೆ ಟಾರ್ಚು ಹಿಡಿಯಲು ಅವರೇ ನಿಲ್ಲುತ್ತಾರೆ.

ಹಂತ 4: ಬಿಚ್ಚುವುದು

ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಜಾಕ್ ಎತ್ತಿ. ಎತ್ತಿದ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಗಾಡಿಯ ಜೊತೆ ಬಂದ ಜಾಕ್ ಇರುವುದು ಪಂಕ್ಚರಿಗೆ ಮಾತ್ರ. ಹಾಲೋ ಬ್ಲಾಕ್ ಕಲ್ಲು ಗೋಡೆಗೆ ಸರಿ, ಗಾಡಿಗಲ್ಲ: ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಬಿಚ್ಚಿದ ಚಕ್ರವನ್ನು ಗಾಡಿಯ ಅಂಚಿನಡಿ ಮಲಗಿಸಿಡಿ. ಸ್ಟ್ಯಾಂಡು ಕೈಕೊಟ್ಟರೆ ನಿಮ್ಮ ಕೈ ಉಳಿಯುತ್ತದೆ.

ಬ್ರೇಕಿನ ಹೋಸನ್ನು ಸ್ಟ್ರಟ್ಟಿನಿಂದ ಬಿಡಿಸಿ, ಜಗ್ಗದಂತೆ ಪಕ್ಕಕ್ಕೆ ಕಟ್ಟಿ. ಕೆಳಗಿನ ಎರಡು ಬೋಲ್ಟುಗಳು ಕೂತಿರುವ ಜಾಗಕ್ಕೆ ಬಣ್ಣದ ಗುರುತು ಹಾಕಿ. ಪಾನಾಕ್ಕೆ ಉದ್ದನೆಯ ಪೈಪು ತೊಡಿಸಿ ಮೈಭಾರ ಬಿಟ್ಟರೆ ಬೋಲ್ಟು ಮೊದಲು ಕಿರ್ರೆಂದು ನರಳುತ್ತದೆ, ಆಮೇಲೆ ಟಕ್ ಎಂದು ಸೋಲೊಪ್ಪುತ್ತದೆ. ಅಷ್ಟು ಹೊತ್ತಿಗೆ ಸುತ್ತ ನಾಲ್ಕು ಜನ ಸೇರಿ ನಾಲ್ಕು ಸಲಹೆ ಕೊಟ್ಟಿರುತ್ತಾರೆ. ಎಲ್ಲಕ್ಕೂ "ಸರಿ ಸಾರ್" ಎನ್ನಿ, ಈ ಉತ್ತರ ಕನ್ನಡ, ತಮಿಳು ಎರಡರಲ್ಲೂ ನಡೆಯುತ್ತದೆ. ಬೋಲ್ಟು ಕಳಚಿದ ಮೇಲೆ ಹಬ್ಬು ಹೊರಗೆ ವಾಲದಂತೆ ಹಗ್ಗ ಕಟ್ಟಿ, ಇಲ್ಲವಾದರೆ ಡ್ರೈವ್ ಶಾಫ್ಟ್ ಕಳಚಿಕೊಂಡೀತು. ಬಾನೆಟ್ಟಿನ ಒಳಗಿರುವ ಮೇಲಿನ ನಟ್ಟುಗಳು ಕೊನೆಗೆ. ಅವುಗಳಲ್ಲಿ ಸುತ್ತಲಿನವನ್ನು ಮಾತ್ರ ಬಿಚ್ಚಿ. ನಟ್ಟನಡುವಿನ ದೊಡ್ಡ ನಟ್ಟನ್ನು ಮುಟ್ಟಬೇಡಿ.

ಹಂತ 5: ತಮಾಷೆ ಇಲ್ಲದ ಹಂತ

ಆ ನಡುವಿನ ನಟ್ಟೊಂದೇ ಸ್ಪ್ರಿಂಗನ್ನು ಅದುಮಿ ಹಿಡಿದಿರುವುದು. ಸ್ಪ್ರಿಂಗನ್ನು ಮೊದಲು ಬಿಗಿಯದೆ ಅದನ್ನು ಬಿಚ್ಚಿದರೆ ಮೌಂಟು ಸಿಡಿದು ಮುಖಕ್ಕೆ ಬರುತ್ತದೆ. ಸ್ಪ್ರಿಂಗ್ ಕಂಪ್ರೆಸರಿನ ಎರಡು ಕೊಕ್ಕೆಗಳನ್ನು ಎದುರುಬದುರಾಗಿ ಸಿಕ್ಕಿಸಿ, ಒಮ್ಮೆ ಇದಕ್ಕೆ ಒಂದು ಸುತ್ತು, ಒಮ್ಮೆ ಅದಕ್ಕೆ ಒಂದು ಸುತ್ತು ತಿರುಗಿಸುತ್ತ ಬನ್ನಿ. ಸ್ಪ್ರಿಂಗು ತಟ್ಟೆಯಿಂದ ಸಡಿಲವಾದ ಮೇಲೆ ಮಾತ್ರ ನಡುವಿನ ನಟ್ಟು. ಕಂಪ್ರೆಸರ್ ಇಲ್ಲದಿದ್ದರೆ, ಅಥವಾ ಕೈ ಅನುಮಾನಿಸಿದರೆ, ಬಿಚ್ಚಿದ ಸ್ಟ್ರಟ್ಟನ್ನೂ ಹೊಸ ಶಾಕನ್ನೂ ಚೀಲಕ್ಕೆ ಹಾಕಿಕೊಂಡು ಕ್ಯಾಂಪ್ ರೋಡಿನಲ್ಲೋ ಸೇಲೈಯೂರಿನಲ್ಲೋ ಸಿಗುವ ಗ್ಯಾರೇಜಿಗೆ ಹೋಗಿ ಈ ಒಂದು ಕೆಲಸ ಮಾಡಿಸಿಕೊಂಡು ಬನ್ನಿ. ಮನೆಯಲ್ಲೇ ಮಾಡಿದೆ ಎಂದು ಹೇಳಿಕೊಳ್ಳಲು ಇದರಿಂದ ಏನೂ ಅಡ್ಡಿಯಿಲ್ಲ.

ಹಂತ 6: ಜೋಡಿಸುವುದು

ಹೊಸ ಶಾಕನ್ನು ನೆಟ್ಟಗೆ ಹಿಡಿದು ಕೆಲವು ಸಲ ಪೂರ್ತಿ ಒತ್ತಿ, ಪೂರ್ತಿ ಎಳೆಯಿರಿ. ಒಳಗೆ ಸೇರಿರುವ ಗಾಳಿ ಹೊರಟು ಎಣ್ಣೆ ತನ್ನ ಜಾಗಕ್ಕೆ ಬರುತ್ತದೆ. ಮಿನುಗುವ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿಯಬೇಡಿ. ಅಲ್ಲಿ ಬಿದ್ದ ಒಂದು ಗೀರು ಸೀಲನ್ನು ಕೊಯ್ದು ಮತ್ತೆ ಎಣ್ಣೆ ಸೋರಿಸುತ್ತದೆ. ಸ್ಪ್ರಿಂಗಿನ ತುದಿ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ಕೂರಬೇಕು. ಬಿಚ್ಚಿದ ಕ್ರಮವನ್ನು ತಿರುಗುಮುರುಗು ಮಾಡಿ ಕಟ್ಟಿ, ಬ್ರೇಕ್ ಹೋಸನ್ನು ಮರೆಯದೆ ಸ್ವಸ್ಥಾನಕ್ಕೆ ಸೇರಿಸಿ. ಎಲ್ಲ ಮುಗಿದ ಮೇಲೆ ಒಂದು ವಾಷರ್ ಉಳಿದಿದ್ದರೆ ಅದು ಕಂಪನಿ ಕೊಟ್ಟ ಉಡುಗೊರೆಯಲ್ಲ, ಮತ್ತೆ ಬಿಚ್ಚಿ. ಇನ್ನೊಂದು ಕಡೆಗೂ ಇದೇ ಕೆಲಸ. ಕೊನೆಗೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಶಾಕ್ ಹಳೆ ಟೈರನ್ನು ತಿನ್ನುತ್ತದೆ.

ಹಂತ 7: ಪರೀಕ್ಷಾರ್ಥ ಓಟ

ಮೊದಲು ಸ್ಪೀಡ್ ಬ್ರೇಕರಿನ ಮೇಲೆ ಓಡಿಸಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಇದಕ್ಕೆ ಅಳತೆ ಕೊಟ್ಟಿದೆ: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಮೇಲ್ಮೈ ದುಂಡಗೆ. ಗಂಟೆಗೆ 25 ಕಿಲೊಮೀಟರ್ ವೇಗದಲ್ಲಿ ದಾಟುವವರಿಗೆ ನೋವಾಗದ ದಿಬ್ಬ ಅದು. ಅಂಥದೊಂದನ್ನು ಹುಡುಕುತ್ತ ಹೋದರೆ ಪೆಟ್ರೋಲ್ ಮುಗಿದೀತು. ನಿಮ್ಮ ಬೀದಿಯವರೇ ಸೇರಿ ಒಂದು ಸಂಜೆ ಉಳಿದ ಸಿಮೆಂಟಿನಲ್ಲಿ ಕಟ್ಟಿದ ದಿಣ್ಣೆಯ ಮೇಲೆ ಓಡಿಸಿದರೆ ಸಾಕು. ಧಡ್ ಎಂಬ ಸದ್ದು ಒಂದೇ ಸಲ ಕೇಳಿದರೆ ಕೆಲಸ ಸರಿಯಾಗಿದೆ.

ದೋಷ ನಿವಾರಣೆ

ಸ್ಟಿಯರಿಂಗ್ ತಿರುಗಿಸಿದಾಗ ಟಣ್ ಎನ್ನುತ್ತಿದೆ: ಮೇಲಿನ ಬೇರಿಂಗ್ ಸರಿಯಾಗಿ ಕೂತಿಲ್ಲ.
ಗಾಡಿ ಒಂದು ಕಡೆ ಎಳೆಯುತ್ತಿದೆ: ಅಲೈನ್‌ಮೆಂಟ್ ನಾಳೆ ಮಾಡಿಸೋಣ ಎಂದಿರಿ.
ಎಲ್ಲ ಸರಿಯಿದ್ದೂ ಗಾಡಿ ಕುಲುಕುತ್ತಿದೆ: ಕೆಳಗಿಳಿದು ರಸ್ತೆ ನೋಡಿ. ಅದರ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಂತ 0

ಇದನ್ನು ಮೊದಲೇ ಓದಬೇಕಿತ್ತು. ಆದರೆ ಮುಖ್ಯವಾದದ್ದನ್ನು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಕುವುದು ಕೈಪಿಡಿಗಳ ಸಂಪ್ರದಾಯ. ಹೊಸ ಶಾಕಿಗೆ ಒಂದು ಅಡ್ಡ ಪರಿಣಾಮವಿದೆ: ಹಾಕಿದ ದಿನದಿಂದ ಗುಂಡಿಗಳು ಚಿಕ್ಕವಾಗುತ್ತವೆ, ವಾರ ಕಳೆದರೆ ರಸ್ತೆ ಪರವಾಗಿಲ್ಲ ಅನಿಸುತ್ತದೆ, ತಿಂಗಳಾದರೆ ರಸ್ತೆಯ ಬಗ್ಗೆ ದೂರುವ ಪಕ್ಕದ ಮನೆಯವರಿಗೆ "ಶಾಕ್ ಬದಲಾಯಿಸಿ ಸಾರ್" ಎಂದು ನೀವೇ ಬುದ್ಧಿ ಹೇಳುತ್ತೀರಿ. ಆದ್ದರಿಂದ ನಿಮ್ಮ ಬೀದಿಯ ಗುಂಡಿ ಮುಚ್ಚಿಸಿಕೊಡಿ ಎಂಬ ಅರ್ಜಿಯನ್ನು, ಫೋಟೊ ಸಮೇತ, ಹಳೇ ಶಾಕ್ ಗಾಡಿಯಲ್ಲಿರುವಾಗಲೇ ಬರೆದು ಕಳಿಸಿ. ಹೊಸದು ಹಾಕಿದ ಮೇಲೆ ಅಷ್ಟು ಚೆನ್ನಾಗಿ ಬರೆಯಲು ಬರುವುದಿಲ್ಲ.