ಎಂಟರ ಕಾಟ

(ಹಿರೇಬೆಂಡಿಗೇರಿ. ಬಸಣ್ಣನ ಮನೆ ಮುಂದೆ ಬಾನೆಟ್ ತೆರೆದ ಬಿಳಿ ಮಾರುತಿ. ಮಾಬೂ ಮಿಸ್ತ್ರಿಯ ಅರ್ಧ ದೇಹ ಅದರೊಳಗೆ. ಕಟ್ಟೆಯ ಮೇಲೆ ನೀಲವ್ವ ಶೇಂಗಾ ಸುಲಿಯುತ್ತಿದ್ದಾಳೆ.)

ಮಾಬೂ: ಚಾಲೂ ಮಾಡ್ರಿ ಬಸಣ್ಣಾರ.

(ಕೀಂ... ಕೀಂಯ್ಯ್...)

ನೀಲವ್ವ: ಕೇಳಿದ್ಯಾ ಮಾಬೂ? ದಿನಾ ಮುಂಜಾನೆ ಇದ ಹಾಡು. ಓಣ್ಯಾಗ ಹುಂಜ ಕೂಗೂದ ಬಿಟ್ಟೈತಿ.

ಬಸಣ್ಣ: ಅದು ಹಾಡಲ್ಲ, ಶನಿ. ಹುಬ್ಬಳ್ಳಿ ಸಂಖ್ಯಾಶಾಸ್ತ್ರದವರು ಹೇಳ್ಯಾರ. ಗಾಡಿ ನಂಬರಿನ ನಾಕೂ ಅಂಕಿ ಕೂಡಿಸಿದ್ರ ಎಂಟು. ಎಂಟು ಶನಿದು. ಒಳಗ ಕುಂತು ಒದರಾಕತ್ತಾನ.

ಮಾಬೂ: ಹಂಗಿದ್ರ ಮಧ್ಯಾಹ್ನ ಯಾಕ ಒದರಂಗಿಲ್ರಿ?

ಬಸಣ್ಣ: ಊಟಕ್ಕ ಹೋಗಿರ್ತಾನೇನೋ.

ಮಾಬೂ: ಮುಂಜಾನೆ ಸ್ಟಾರ್ಟರ್ ಬ್ಯಾಟ್ರಿ ತಿಂದಿರ್ತೈತಿ. ಅದನ್ನ ತುಂಬಾಕ ಆಲ್ಟರ್ನೇಟರ್ ಮ್ಯಾಲ ಭಾರ ಬೀಳತೈತಿ. ಸಡ್ಲ ಬೆಲ್ಟು ಆ ಭಾರಕ್ಕ ಜಾರಿ ಚೀರತೈತಿ. ಬ್ಯಾಟ್ರಿ ತುಂಬಿದಮ್ಯಾಲ ತಾನ ಸುಮ್ಮನಾಗತೈತಿ. ಆ ಶಾಸ್ತ್ರದವರಿಗೆ ಎಷ್ಟು ಕೊಟ್ರಿ?

ನೀಲವ್ವ: ಎರಡು ಸಾವಿರದ ಆರನೂರು. ಎರಡು, ಆರು... ಅದೂ ಎಂಟ!

ಬಸಣ್ಣ: ದಕ್ಷಿಣಿ ಕೂಡಿಸಬಾರದು.

ಮಾಬೂ: ಪರಿಹಾರ ಏನ ಹೇಳ್ಯಾರ್ರಿ?

ಬಸಣ್ಣ: ಡಿಕ್ಕಿಯೊಳಗ ಎಂಟು ಲಿಂಬಿಹಣ್ಣು. ಶನಿವಾರ ಗಾಡಿ ಹೊರಗ ತಗೀಬಾರದು. ಸಾಧ್ಯ ಆದ್ರ ನಂಬರ ಬದಲಿ ಮಾಡಿಸಬೇಕಂತ.

ಮಾಬೂ: ಅದು ಧಾರವಾಡ ಆರ್‌ಟಿಓ ಕೊಟ್ಟ ನಂಬರ, ಕೆಎ 25. ನಿಮ್ಮ ಗಾಡಿ 1996ದ್ದು. ಹಾವೇರಿ ಜಿಲ್ಲಾ ಆಗಿದ್ದು 1997ರಾಗ, ಕೆಎ 27 ಬಂದಿದ್ದು ಆಮ್ಯಾಲ. ಜಿಲ್ಲಾಕ್ಕಿಂತ ಹಿರೇದು ಈ ಗಾಡಿ. ಜಿಲ್ಲಾ ಬದಲಾದ್ರೂ ನಂಬರ ಬದಲಾಗ್ಲಿಲ್ಲ, ಲಿಂಬಿಹಣ್ಣಿಗೆ ಬದಲಾದೀತು? (ಕೈ ಹೊರಗೆ ತೆಗೆದು ಮೂಸುತ್ತಾನೆ) ಇದೇನ್ರಿ, ಬೆಲ್ಟಿಗೆ ಕೊಬ್ಬರಿ ಎಣ್ಣಿ ಹಚ್ಚೀರಿ?

ನೀಲವ್ವ: ನನ್ನ ತಲಿಗೆ ಹಚ್ಚೂ ಎಣ್ಣಿ! ಅದಕ್ಕ ಬಾಟ್ಲಿ ಖಾಲಿ.

ಬಸಣ್ಣ: ಮೊಬೈಲದಾಗ ತೋರಿಸಿದ್ರು. ಎರಡು ದಿನಾ ಸಪ್ಪಳ ಇರಲಿಲ್ಲ ಮತ್ತ.

ಮಾಬೂ: ಎರಡು ದಿನಾ ಸುಮ್ಮನ ಜಾರೇತಿ, ಮೂರನೇ ದಿನಾ ಚೀರಿ ಜಾರೇತಿ. ಹಿಟ್ಟಿನ ಗಿರಣ್ಯಾಗ ಪಟ್ಟಾಕ್ಕ ರಾಳದ ಪುಡಿ ಯಾಕ ಹಾಕ್ತಿದ್ರು? ಹಿಡೀಲಿ ಅಂತ. ನೀವು ಜಾರಲಿ ಅಂತ ಎಣ್ಣಿ ಹಾಕೀರಿ. ರಬ್ಬರು ಎಣ್ಣಿ ಕುಡದು ಮೆತ್ತಗಾಗಿ ಉಬ್ಬತೈತ್ರಿ. ಲೈಟ್ ಹಚ್ರಿ, ಮೀಟರ್ ನೋಡೂಣು. ಹನ್ನೆರಡು ಪಾಯಿಂಟ್ ಐದು ವೋಲ್ಟ್. ಎಂಜಿನ್ ಓಡೂವಾಗ ಇಷ್ಟ ಇದ್ರ ಚಾರ್ಜ್ ಆಗವಲ್ದು ಅಂತ.

ಬಸಣ್ಣ: ಒಂದು, ಎರಡು, ಐದು... ಎಂಟು! ಹೇಳಲಿಲ್ಲ ನಾ?

ಮಾಬೂ: ಬಂದ್ ಮಾಡ್ರಿ ಗಾಡಿ. ಆ 16-17ರ ಪಾನಾ ಕೊಡ್ರಿ.

ಬಸಣ್ಣ: ಹದಿನೇಳಂದ್ರ ಒಂದು, ಏಳು. ಎಂಟು. ಈ ಪಾನಾ ಮುಟ್ಟಂಗಿಲ್ಲ ನಾ.

ಮಾಬೂ: ಹದಿನಾರರ ಕಡೆ ಹಿಡದು ಕೊಡ್ರಿ. ಅದು ಏಳು.

(ಬಸಣ್ಣ ಹಾಗೆಯೇ ಹಿಡಿದು ಕೊಡುತ್ತಾನೆ.)

ನೀಲವ್ವ: ಮಾಬೂ, ಬೆಲ್ಟು ಹರದ್ರ ಏನಾಗತೈತೋ?

ಮಾಬೂ: ಕ್ರ್ಯಾಂಕಿನ ಪುಲಿ ಇದೊಂದ ಬೆಲ್ಟಿನಿಂದ ಆಲ್ಟರ್ನೇಟರ್ ತಿರುಗಸ್ತೈತಿ, ನೀರಿನ ಪಂಪೂ ತಿರುಗಸ್ತೈತಿ ಅಕ್ಕಾರ. ಹರದ್ರ ಮೊದಲ ಬ್ಯಾಟ್ರಿ ದೀಪ ಕೆಂಪಗ ಹತ್ತತೈತಿ. ಮಂದಿ ‘ಊರು ಮುಟ್ಟಿ ನೋಡೂಣು’ ಅಂತ ಓಡಸ್ತಾರ. ಪಂಪ್ ನಿಂತೈತಿ, ನೀರು ತಿರಗಂಗಿಲ್ಲ, ಕಾಟಾ ಮ್ಯಾಲ ಏರತೈತಿ, ಹೆಡ್ ಗ್ಯಾಸ್ಕೆಟ್ ಹೋಗತೈತಿ. ಬೆಲ್ಟಿಗೆ ನೂರರ ಲೆಕ್ಕದಾಗ ಹೋಗೂದು ಸಾವಿರದ ಲೆಕ್ಕಕ್ಕ ಬರತೈತಿ. ಅಂಥಾ ಹೊತ್ತಿನ್ಯಾಗ ಕೂಡಸೂದಲ್ರಿ, ಗಾಡಿ ನಿಲ್ಲಸೂದು. ಓದಿದ ಮಂದೀನ ಈಗ ಮೀಟರ್ ಕಾಟಾ ನೋಡೂದು ಬಿಟ್ಟು ನಂಬರ್ ಪ್ಲೇಟ್ ನೋಡಾಕತ್ತಾರ.

ಬಸಣ್ಣ: ಭಾಷಣ ಸಾಕು. ಪುಲಿ ಹೆಂಗೈತಿ?

ಮಾಬೂ: ಬೆಲ್ಟು ಪುಲಿಯ ಎರಡೂ ಪಕ್ಕಾ ಹಿಡೀಬೇಕು, ತಳಾ ಮುಟ್ಟಬಾರದು. ಇಲ್ಲಿ ತಳಾ ಕನ್ನಡಿಯಂಗ ಹೊಳಿಯಾಕತ್ತೈತಿ. ಅಂದ್ರ ಬೆಲ್ಟು ಸವದು ಕೆಳಗ ಇಳದೈತಿ. (ಬೆಲ್ಟು ಕಳಚಿ ಪುಲಿಗಳನ್ನು ಬೆರಳಿನಿಂದ ತಿರುಗಿಸುತ್ತಾ) ಗರಗರ ಅನ್ನವಲ್ದು, ಅಳ್ಳಾಡವಲ್ದು. ಬೇರಿಂಗು ಚಲೋ ಅದಾವ. ನಿಮ್ಮ ನಸೀಬು.

ಬಸಣ್ಣ: ಲಿಂಬಿಹಣ್ಣಿನ ಪ್ರಭಾವ.

(ಮಾಬೂ ಪುಲಿಯ ಎಣ್ಣೆ ಒರೆಸಿ, ಹೊಸ ಬೆಲ್ಟು ಏರಿಸಿ, ಆಲ್ಟರ್ನೇಟರ್ ಹಿಂದಕ್ಕೆ ಮೀಟಿ ಬೋಲ್ಟು ಬಿಗಿಯುತ್ತಾನೆ.)

ಮಾಬೂ: ನಡುವ ಹೆಬ್ಬೆರಳಿನಿಂದ ಒತ್ರಿ. ಒಂದು ಸೆಂಟಿಮೀಟರ್ ಅಂದಾಜು ತಗ್ಗಿದ್ರ ಸಾಕು. ಬಾಳ ಬಿಗದ್ರ ಬೇರಿಂಗ್ ತಿಂತೈತಿ. ಮುಂದ ಮತ್ತ ಕೀಂ ಅಂದ್ರ ಓಡೂ ಬೆಲ್ಟಿನ ಮ್ಯಾಲ, ಕೈ ದೂರ ಇಟ್ಟು, ನಾಕು ಹನಿ ನೀರು ಬಿಡ್ರಿ. ಸಪ್ಪಳ ಏರಿತಂದ್ರ ಬೆಲ್ಟು ಸಡ್ಲ. ಒಂದು ಗಳಿಗಿ ನಿಂತು ಮತ್ತ ಶುರುವಾತಂದ್ರ ಪುಲಿ ಸಾಲು ತಪ್ಪೇತಿ. ಚಾಲೂ ಮಾಡ್ರಿ.

(ಕೀಂ ಇಲ್ಲ. ಎಲ್ಲೋ ದೂರದಲ್ಲಿ ಹುಂಜ ಕೂಗುತ್ತದೆ.)

ಮಾಬೂ: ಹದಿನಾಲ್ಕು ಪಾಯಿಂಟ್ ಮೂರು. ಒಳ್ಳೇ ಚಾರ್ಜ್.

ಬಸಣ್ಣ: ಒಂದು, ನಾಕು, ಮೂರು... (ಬೆವರು ಒರೆಸಿಕೊಳ್ಳುತ್ತಾ) ಮಾಬೂ, ಮತ್ತ ಎಂಟ ಬಂತಲ್ಲೋ!

ಮಾಬೂ: ಕೆಟ್ಟಾಗೂ ಎಂಟು, ರಿಪೇರಿ ಆದಾಗೂ ಎಂಟು. ಗಾಡಿ ಹೆಸರು ಏನ್ರಿ?

ಬಸಣ್ಣ: ಮಾರುತಿ ಎಂಟ್... ನೂರು.

ನೀಲವ್ವ: ಅಯ್ಯ! ಹೆಸರ ಎಂಟು!

ಮಾಬೂ: 1983ರಿಂದ 2014ರ ಮಟಾ ಮಾಡ್ಯಾರ ಇದನ್ನ. ನಮ್ಮ ದೇಶದಾಗ 25 ಲಕ್ಷಕ್ಕೂ ಹೆಚ್ಚು ಮಾರ್ಯಾರ. ಅಷ್ಟರಾಗೂ ಶನಿ ಕುಂತಿದ್ರ ಆಕಾಶದಾಗ ಯಾರದಾರ್ರಿ?

ಬಸಣ್ಣ: (ಬಹಳ ಹೊತ್ತಿನ ಮೇಲೆ) ಬಿಲ್ ಎಷ್ಟಾತು?

ಮಾಬೂ: ಬೆಲ್ಟು, ಕೂಲಿ ಎಲ್ಲಾ ಕೂಡಿ ಎಂಟನೂರು.

ಬಸಣ್ಣ: ಒಂಬೈನೂರು ತಗೊ ಮಾರಾಯ.

ನೀಲವ್ವ: ಕೀಲಿ ತರ್ರಿ. ಶನಿವಾರ ಹಾನಗಲ್ಲಿಗೆ ತಂಗಿ ಮನಿಗೆ ಹೋಗೂದೈತಿ. ಲಿಂಬಿಹಣ್ಣು ಉಪ್ಪಿನಕಾಯಿಗೆ ಹಾಕ್ತೀನಿ.

ಮಾಬೂ: ಹಾಕ್ರಿ ಅಕ್ಕಾರ. ಆ ಜಾಗದಾಗ ಒಂದು ಹೊಸಾ ಬೆಲ್ಟು, 12ರದು, 14ರದು ಎರಡು ಪಾನಾ ಇಡ್ರಿ. ವಾರ ಬಿಟ್ಟು ಗಾಡಿ ತಂದು ತೋರಸ್ರಿ, ಹೊಸಾ ಬೆಲ್ಟು ಸ್ವಲ್ಪ ಜಗ್ಗತೈತಿ.